ವಿಜ್ಞಾನ ಓದಿದವರು ಗ್ರೀಕರನ್ನು ಎಲ್ಲಿಂದ ಶುರು ಮಾಡಬೇಕು? ನಾಲ್ಕು ದಾರಿಗಳ ಹೋಲಿಕೆ

ಭೌತಶಾಸ್ತ್ರವನ್ನೋ ಎಂಜಿನಿಯರಿಂಗನ್ನೋ ಓದಿದವರಲ್ಲಿ ಕೆಲವರಿಗೆ ಒಂದು ಹಸಿವು ಹಾಗೇ ಉಳಿದುಬಿಡುತ್ತದೆ. ಸಮೀಕರಣ ಬಿಡಿಸಲು ಬರುತ್ತದೆ. ಆದರೆ ಅದರಲ್ಲಿರುವ ‘ಟಿ’ ಏನನ್ನು ಹೇಳುತ್ತಿದೆ, ಸಮಯ ಅನ್ನುವುದು ನಿಜಕ್ಕೂ ಇದೆಯಾ ಅಂತ ಯಾರಾದರೂ ಕೇಳಿದರೆ ಮಾತು ನಿಂತುಹೋಗುತ್ತದೆ. ಇಂಥ ಪ್ರಶ್ನೆಗಳಿಗೆ ಮೆಟಾಫಿಸಿಕ್ಸ್ ಅನ್ನುತ್ತಾರೆ, ಪಶ್ಚಿಮದಲ್ಲಿ ಅದು ಗ್ರೀಕರಿಂದ ಶುರುವಾಯಿತು ಅನ್ನುವಷ್ಟು ಗೊತ್ತಿರುತ್ತದೆ. ಗ್ರೀಕರಲ್ಲಿ ಯಾರಿಂದ ಶುರು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಸಾಮಾನ್ಯವಾಗಿ ಸಿಗುವ ಸಲಹೆ ಡೆಮಾಕ್ರಿಟಸ್. ಅಷ್ಟು ಹಿಂದೆಯೇ ಪರಮಾಣುವಿನ ಬಗ್ಗೆ ಹೇಳಿದ್ದ ಅನ್ನುವುದೇ ಕಾರಣ. ಈ ಸಲಹೆ ನನಗೆ ಸರಿ ಕಾಣುವುದಿಲ್ಲ. ಇವತ್ತಿನ ವಿಜ್ಞಾನವನ್ನು ಯಾರು ಮೊದಲೇ ಹೇಳಿಟ್ಟಿದ್ದರು ಅಂತ ನೋಡಿ ಆರಿಸಿದರೆ, ನಮಗೆ ಆಗಲೇ ಗೊತ್ತಿರುವುದೇ ಮತ್ತೆ ಸಿಗುತ್ತದೆ. ಅದೂ ಅರ್ಧಂಬರ್ಧ. ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಯಾವುದು, ಅದನ್ನು ಯಾರು ಬಿಡದೆ ಕೆದಕಿದ್ದಾರೆ ಅಂತ ನೋಡಿ ಆರಿಸಬೇಕು. ವಿಜ್ಞಾನದ ಕಡೆಯಿಂದ ಬರುವವರಿಗೆ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಪಾರ್ಮೆನಿಡೀಸ್ ಮತ್ತು ಅವನ ಶಿಷ್ಯ ಝೀನೋ, ಪರಮಾಣುವಾದಿಗಳು, ಪ್ಲೇಟೋನ ‘ಟಿಮೇಯಸ್’, ಅರಿಸ್ಟಾಟಲನ ‘ಫಿಸಿಕ್ಸ್’.

ಬದಲಾವಣೆಯೇ ಸುಳ್ಳು ಎಂದವರು

ಇಟಲಿಯ ದಕ್ಷಿಣದಲ್ಲಿದ್ದ ಎಲಿಯಾ ಅನ್ನುವ ಗ್ರೀಕ್ ಊರಿನವನು ಪಾರ್ಮೆನಿಡೀಸ್. ಕ್ರಿ.ಪೂ. 5ನೇ ಶತಮಾನದವನು. ಬರೆದದ್ದು ಒಂದು ಕವಿತೆ. ಅದರಲ್ಲಿ ಉಳಿದಿರುವುದು ಸುಮಾರು 160 ಸಾಲು. ಅಷ್ಟಾದರೂ ಉಳಿದದ್ದು ಮುಖ್ಯವಾಗಿ ಸಿಂಪ್ಲಿಸಿಯಸ್ ಅನ್ನುವವನಿಂದ. ಅವನು ಕ್ರಿ.ಶ. 6ನೇ ಶತಮಾನದಲ್ಲಿ ಅರಿಸ್ಟಾಟಲನಿಗೆ ವ್ಯಾಖ್ಯಾನ ಬರೆಯುತ್ತಿದ್ದ. ಈ ಕವಿತೆ ಈಗ ಸಿಗುವುದೇ ಕಷ್ಟ ಅಂತ ಅದರ ಉದ್ದುದ್ದ ಭಾಗಗಳನ್ನು ಅಲ್ಲೇ ಬರೆದಿಟ್ಟ.

ವಾದ ಸರಳವಾಗಿದೆ. ಇರುವುದು ಇದೆ, ಇಲ್ಲದ್ದು ಇಲ್ಲ. ಹೊಸದೇನಾದರೂ ಹುಟ್ಟಬೇಕಾದರೆ ಇಲ್ಲದ್ದರಿಂದ ಹುಟ್ಟಬೇಕು. ಇಲ್ಲದ್ದು ಇಲ್ಲವೇ ಇಲ್ಲವಲ್ಲ? ಹಾಗಾಗಿ ಹುಟ್ಟು, ಸಾವು, ಬದಲಾವಣೆ ಯಾವುದೂ ನಿಜವಲ್ಲ. ಗೀತೆಯ ‘ನಾಸತೋ ವಿದ್ಯತೇ ಭಾವೋ’ ಕೇಳಿ ಬೆಳೆದವರಿಗೆ ಇದು ಪರಿಚಿತ ಅನ್ನಿಸುತ್ತದೆ. ಆದರೆ ಎರಡೂ ಒಂದೇ ಅಂದುಕೊಂಡು ಮುಂದೆ ಹೋಗಬೇಡಿ. ಗೀತೆಯಲ್ಲಿ ಆ ಮಾತು ಬರುವುದು ದೇಹ ಮತ್ತು ಆತ್ಮದ ವಿಚಾರದಲ್ಲಿ. ಪಾರ್ಮೆನಿಡೀಸ್ ಬರೀ ತರ್ಕದ ಬಲದಿಂದ ಕಣ್ಣೆದುರಿನ ಜಗತ್ತನ್ನೇ ತಳ್ಳಿಹಾಕುತ್ತಾನೆ. ಆ ಧೈರ್ಯ ನೋಡಲಿಕ್ಕಾದರೂ ಈ ಕವಿತೆ ಓದಬೇಕು.

ಇದಕ್ಕೂ ಇವತ್ತಿನ ವಿಜ್ಞಾನಕ್ಕೂ ಸಂಬಂಧ ಇದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಇಡೀ ವಿಶ್ವಕ್ಕೆ ಅನ್ವಯಿಸುವ ಒಂದೇ ‘ಈಗ’ ಇಲ್ಲ. ದೂರದ ಎರಡು ಘಟನೆ ಒಟ್ಟಿಗೆ ನಡೆದವೇ ಇಲ್ಲವೇ ಅನ್ನುವುದು ನೋಡುವವರ ಚಲನೆಯ ಮೇಲೆ ನಿಂತಿದೆ. ಹಾಗಾದರೆ ನಿನ್ನೆ, ಇವತ್ತು, ನಾಳೆ ಎಲ್ಲವೂ ಸಮಾನವಾಗಿ ‘ಇವೆ’ ಅಂತ ಕೆಲವು ದಾರ್ಶನಿಕರು ವಾದಿಸುತ್ತಾರೆ. ಗೆಳೆಯ ಮಿಷೆಲ್ ಬೆಸ್ಸೋ 1955ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಐನ್‌ಸ್ಟೈನ್ ಅವರ ಮನೆಯವರಿಗೆ ಕಾಗದ ಬರೆದರು. ಭೂತ, ವರ್ತಮಾನ, ಭವಿಷ್ಯ ಅನ್ನುವ ಭೇದ ಬರೀ ಭ್ರಮೆ, ಆದರೆ ಹಟ ಹಿಡಿದು ಕೂತಿರುವ ಭ್ರಮೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಮುಂದಿನ ತಿಂಗಳು ಅವರೂ ತೀರಿಕೊಂಡರು. ದಾರ್ಶನಿಕ ಕಾರ್ಲ್ ಪಾಪರ್ ಅಂತೂ ಐನ್‌ಸ್ಟೈನರ ಜೊತೆ ವಾದ ಮಾಡುವಾಗ ಅವರನ್ನು ಪಾರ್ಮೆನಿಡೀಸ್ ಅಂತಲೇ ಕರೆದಿದ್ದರು.

ಝೀನೋ ಗುರುವಿನ ಪರ ನಿಂತವನು. ಅವನ ಬಾಣದ ಒಗಟು ನೋಡಿ. ಹಾರುತ್ತಿರುವ ಬಾಣ ಒಂದೊಂದು ಕ್ಷಣದಲ್ಲೂ ತನ್ನ ಅಳತೆಯಷ್ಟೇ ಜಾಗದಲ್ಲಿ ಇರುತ್ತದೆ. ತನ್ನ ಅಳತೆಯಷ್ಟೇ ಜಾಗದಲ್ಲಿ ಇರುವುದು ಅಂದರೆ ನಿಂತಿರುವುದು. ಪ್ರತಿ ಕ್ಷಣವೂ ನಿಂತಿದ್ದರೆ ಹಾರಿದ್ದು ಯಾವಾಗ?

‘ಕ್ಯಾಲ್ಕುಲಸ್ ಬಂದ ಮೇಲೆ ಇದೆಲ್ಲ ಬಗೆಹರಿಯಿತು ಬಿಡಿ’ ಅನ್ನುವವರು ಜಾಸ್ತಿ. ಅರ್ಧ, ಕಾಲು, ಅರೆಕಾಲು ಅಂತ ಕೊನೆಯಿಲ್ಲದೆ ಕೂಡಿದರೆ ಮೊತ್ತ ಒಂದೇ ಆಗುತ್ತದೆ ಅನ್ನುವುದು ನಿಜ. ಝೀನೋನ ಇನ್ನೊಂದು ಒಗಟಿನಲ್ಲಿ ಓಟಗಾರ ಅಕಿಲೀಸ್ ಆಮೆ ಇದ್ದಲ್ಲಿಗೆ ಬರುವಷ್ಟರಲ್ಲಿ ಅದು ಪ್ರತಿ ಸಲವೂ ಇನ್ನಷ್ಟು ಮುಂದೆ ಹೋಗಿರುತ್ತದೆ; ಅವನು ಆಮೆಯನ್ನು ಯಾವಾಗ ಹಿಡಿಯುತ್ತಾನೆ ಅಂತ ಇಂಥ ಕೂಡಿಕೆಯಿಂದ ಲೆಕ್ಕ ಹಾಕಬಹುದು. ಬಾಣದ ವಿಚಾರ ಬೇರೆ. ಒಂದು ಕ್ಷಣದ ವೇಗ ಅಂತ ನಾವು ಹೇಳುವುದನ್ನು ಅಕ್ಕಪಕ್ಕದ ಕ್ಷಣಗಳಲ್ಲಿ ಬಾಣ ಎಲ್ಲಿತ್ತು ಅನ್ನುವುದರಿಂದಲೇ ಲೆಕ್ಕ ಹಾಕುತ್ತೇವೆ. ದಾರ್ಶನಿಕ ಬರ್ಟ್ರಂಡ್ ರಸೆಲ್ 1903ರಲ್ಲಿ ಇದನ್ನೇ ಹಿಡಿದು ಹೇಳಿದರು: ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಜಾಗದಲ್ಲಿ ಇರುವುದೇ ಚಲನೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಈ ಉತ್ತರ ಒಪ್ಪಬೇಕಾ ಬೇಡವಾ ಅನ್ನುವುದು ಗಣಿತ ತೀರ್ಮಾನಿಸುವ ವಿಷಯ ಅಲ್ಲ. ಅಲ್ಲಿಂದಲೇ ಮೆಟಾಫಿಸಿಕ್ಸ್ ಶುರು.

ನಮಗೆ ಹತ್ತಿರದ ಒಂದು ಸಂಗತಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಾಧ್ಯಾಪಕರಾಗಿದ್ದ ಇ.ಸಿ.ಜಿ. ಸುದರ್ಶನ್ ಮತ್ತು ಬೈದ್ಯನಾಥ ಮಿಶ್ರಾ 1977ರಲ್ಲಿ ಒಂದು ಪ್ರಬಂಧ ಬರೆದರು. ಕ್ಷಯಿಸುವ ಒಂದು ಕಣವನ್ನು ಬಿಡದೆ ಗಮನಿಸುತ್ತಲೇ ಇದ್ದರೆ ಅದು ಕ್ಷಯಿಸುವುದೇ ಇಲ್ಲ ಅಂತ ಕ್ವಾಂಟಂ ಸಿದ್ಧಾಂತದಿಂದ ತೋರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಝೀನೋನದು. 1990ರಲ್ಲಿ ಅಮೆರಿಕದಲ್ಲಿ ಬೆರಿಲಿಯಂ ಅಯಾನುಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಇಂಥ ಪರಿಣಾಮ ಕಂಡಿತು. ಇದು ಝೀನೋನ ವಾದವೇ ಅಲ್ಲ. ಆದರೂ ಆ ಹೆಸರು ಅಲ್ಲಿ ಸುಮ್ನೆ ಬಂದಿಲ್ಲ.

ಕಣ ಮತ್ತು ಖಾಲಿ ಜಾಗ

ಪರಮಾಣುವಾದಿಗಳಲ್ಲಿ ಮೊದಲಿಗ ಲ್ಯೂಕಿಪಸ್, ಆಮೇಲೆ ಅಬ್ಡೆರಾದ ಡೆಮಾಕ್ರಿಟಸ್. ಡೆಮಾಕ್ರಿಟಸ್ ಹತ್ತಾರು ಪುಸ್ತಕ ಬರೆದಿದ್ದ, ಒಂದೂ ಇಡಿಯಾಗಿ ಉಳಿದಿಲ್ಲ. ಅವನನ್ನು ಓದುತ್ತೇನೆ ಅಂತ ಹೊರಟರೆ ಸಿಗುವುದು ಬೇರೆಯವರು ಎತ್ತಿ ಹೇಳಿದ ತುಣುಕುಗಳು. ಪೂರ್ತಿ ಪುಸ್ತಕವೇ ಬೇಕು ಅಂದರೆ ರೋಮನ್ ಕವಿ ಲುಕ್ರೀಷಿಯಸ್‌ನತ್ತ ಹೋಗಬೇಕು. ಕ್ರಿ.ಪೂ. 1ನೇ ಶತಮಾನದಲ್ಲಿ ಅವನು ಡೆಮಾಕ್ರಿಟಸ್‌ನ ನಂತರ ಬಂದ ಗ್ರೀಕ್ ದಾರ್ಶನಿಕ ಎಪಿಕ್ಯೂರಸ್‌ನ ಪರಮಾಣುವಾದವನ್ನು ಲ್ಯಾಟಿನ್‌ನಲ್ಲಿ ಆರು ಭಾಗದ ಕಾವ್ಯವಾಗಿ ಬರೆದ. 7,000ಕ್ಕೂ ಹೆಚ್ಚು ಸಾಲು. ಶತಮಾನಗಟ್ಟಲೆ ಮರೆಯಾಗಿದ್ದ ಆ ಕಾವ್ಯದ ಪ್ರತಿ 1417ರಲ್ಲಿ ಇಟಲಿಯ ವಿದ್ವಾಂಸ ಪೋಜ್ಜೋ ಬ್ರಾಚ್ಚೋಲೀನಿಗೆ ಸಿಕ್ಕಿತು.

ಓದಲು ಇದರಷ್ಟು ಸೊಗಸಾದದ್ದು ನಾಲ್ಕರಲ್ಲಿ ಇನ್ನೊಂದಿಲ್ಲ. ಎರಡನೇ ಭಾಗದಲ್ಲಿ ಕತ್ತಲೆ ಕೋಣೆಗೆ ಬಿದ್ದ ಬಿಸಿಲಕೋಲಿನಲ್ಲಿ ಕುಣಿಯುವ ದೂಳಿನ ಕಣಗಳ ಚಿತ್ರ ಬರುತ್ತದೆ. ಕಣ್ಣಿಗೆ ಕಾಣದ ಪರಮಾಣುಗಳ ಪೆಟ್ಟೇ ಅವನ್ನು ಕುಣಿಸುತ್ತಿದೆ ಅನ್ನುತ್ತಾನೆ ಲುಕ್ರೀಷಿಯಸ್. ನಮ್ಮ ನ್ಯಾಯ-ವೈಶೇಷಿಕರು ತ್ರಸರೇಣು ಅಂತ ಕರೆದದ್ದು ಇದೇ ಬಿಸಿಲಕೋಲಿನ ಕಣವನ್ನು. ಆದರೆ ವೈಶೇಷಿಕರ ಪರಮಾಣುಗಳಿಗೆ ರುಚಿ, ವಾಸನೆಯಂಥ ಗುಣಗಳಿವೆ. ಗ್ರೀಕರ ಪರಮಾಣುಗಳಿಗೆ ಆಕಾರ, ಗಾತ್ರದಂಥವು ಮಾತ್ರ. ಬಣ್ಣ ಇಲ್ಲ, ರುಚಿ ಇಲ್ಲ.

ಲುಕ್ರೀಷಿಯಸ್ ಬ್ರೌನಿಯನ್ ಚಲನೆಯನ್ನು (ಅಣುಗಳ ಪೆಟ್ಟಿಗೆ ಸೂಕ್ಷ್ಮ ಕಣಗಳು ಅಡ್ಡಾದಿಡ್ಡಿ ಓಡಾಡುವುದನ್ನು) ಮೊದಲೇ ಕಂಡಿದ್ದ ಅಂತ ಹೊಗಳುವವರಿದ್ದಾರೆ. ಸ್ವಲ್ಪ ತಡೆಯಬೇಕು. ಬಿಸಿಲಕೋಲಿನ ದೂಳನ್ನು ಅಷ್ಟು ಜೋರಾಗಿ ಓಡಾಡಿಸುವುದು ಮುಖ್ಯವಾಗಿ ಗಾಳಿಯ ಹರಿವು. ಪರಮಾಣುಗಳಿವೆ ಅನ್ನುವುದನ್ನು ವಿಜ್ಞಾನಿಗಳು ಗಟ್ಟಿಯಾಗಿ ಒಪ್ಪಿದ್ದು ಬ್ರೌನಿಯನ್ ಚಲನೆಯ ಬಗ್ಗೆ 1905ರ ಐನ್‌ಸ್ಟೈನರ ಲೆಕ್ಕ, ಅದನ್ನು ಪ್ರಯೋಗದಲ್ಲಿ ಅಳೆದ ಜೀನ್ ಪೆರಿನ್ ಅವರ ಕೆಲಸ ಬಂದ ಮೇಲೆ. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು. ಊಹೆಗೂ ಅಳತೆಗೂ ಇರುವ ಅಂತರ ದೊಡ್ಡದು.

ಪರಮಾಣುವಾದಿಗಳಲ್ಲಿ ಇವತ್ತಿಗೂ ಜೀವಂತವಾಗಿರುವುದು ಬೇರೊಂದು ಜಾಗದಲ್ಲಿದೆ. ಸಿಹಿ, ಕಹಿ, ಬಣ್ಣ ಎಲ್ಲ ನಾವು ರೂಢಿಯಿಂದ ಹೇಳುವ ಮಾತು, ನಿಜವಾಗಿ ಇರುವುದು ಪರಮಾಣು ಮತ್ತು ಖಾಲಿ ಜಾಗ ಮಾತ್ರ ಅನ್ನುತ್ತಾನೆ ಡೆಮಾಕ್ರಿಟಸ್. ವೈದ್ಯ ಗ್ಯಾಲೆನ್ ಉಳಿಸಿಕೊಟ್ಟ ತುಣುಕಿನಲ್ಲಿ ಅವನೇ ಇಂದ್ರಿಯಗಳ ಬಾಯಲ್ಲಿ ಉತ್ತರ ಹೇಳಿಸುತ್ತಾನೆ. ‘ಬಡಪಾಯಿ ಬುದ್ಧಿಯೇ, ನಮ್ಮಿಂದಲೇ ಸಾಕ್ಷ್ಯ ಪಡೆದು ನಮ್ಮನ್ನೇ ಬೀಳಿಸುತ್ತೀಯಾ? ನಾವು ಬಿದ್ದರೆ ನೀನೂ ಬಿದ್ದ ಹಾಗೆ’ ಅನ್ನುವ ಅರ್ಥ. ಮಿದುಳಿನ ನರಕೋಶಗಳ ವಿವರವೆಲ್ಲ ಸಿಕ್ಕಿದ ಮೇಲೂ ಕೆಂಪು ಕೆಂಪಾಗಿ ಕಾಣುವ ಅನುಭವ ಎಲ್ಲಿಂದ ಬಂತು ಅಂತ ಇವತ್ತು ಕೇಳುವವರು ಇದೇ ಜಗಳವನ್ನು ಮುಂದುವರಿಸುತ್ತಿದ್ದಾರೆ. ನಿಮ್ಮ ಪ್ರಶ್ನೆ ಪ್ರಜ್ಞೆಯ ಬಗ್ಗೆಯಾದರೆ ಡೆಮಾಕ್ರಿಟಸ್‌ನಿಂದ ಶುರು ಮಾಡಿ. ಪರಮಾಣುವಿನ ಬಗ್ಗೆಯಾದರೆ ಭೌತಶಾಸ್ತ್ರದ ಪುಸ್ತಕವೇ ಸಾಕು.

ತ್ರಿಕೋನಗಳಿಂದ ಆದ ಜಗತ್ತು

ಪ್ಲೇಟೋ ಕೊನೆಗಾಲದಲ್ಲಿ ಬರೆದ ಕೃತಿಗಳಲ್ಲಿ ‘ಟಿಮೇಯಸ್’ ಒಂದು. ಸಂವಾದ ಅನ್ನುವುದು ಹೆಸರಿಗೆ ಮಾತ್ರ. ಶುರುವಿನ ಸ್ವಲ್ಪ ಮಾತುಕತೆ ಬಿಟ್ಟರೆ ಟಿಮೇಯಸ್ ಒಬ್ಬನೇ ಮಾತಾಡುತ್ತಾನೆ. ಒಬ್ಬ ದೈವೀ ಕುಶಲಕರ್ಮಿ ಶಾಶ್ವತವಾದ ಮಾದರಿಯನ್ನು ನೋಡಿಕೊಂಡು ವಿಶ್ವ ಕಟ್ಟಿದ ಕಥೆ ಅದು. ಇದು ‘ಇರಬಹುದಾದ ಕಥೆ’ ಮಾತ್ರ ಅಂತ ಅವನೇ ಮೊದಲೇ ಹೇಳಿಬಿಡುತ್ತಾನೆ.

ವಿಜ್ಞಾನದವರು ನೇರವಾಗಿ 53ನೇ ಪುಟಸಂಖ್ಯೆಗೆ (ಅನುವಾದಗಳ ಅಂಚಿನಲ್ಲಿ ಇರುವ ಸಂಖ್ಯೆ, ವಿವರ ಕೊನೆಯಲ್ಲಿದೆ) ಹೋಗಬಹುದು. ಬೆಂಕಿ, ಗಾಳಿ, ನೀರು, ಮಣ್ಣು ಇವೇ ಮೂಲ ಅಲ್ಲ, ಅವುಗಳ ಒಳಗೆ ತ್ರಿಕೋನಗಳಿವೆ ಅಂತ ಅಲ್ಲಿ ಬರುತ್ತದೆ. ಬೆಂಕಿಯ ಕಣಕ್ಕೆ ನಾಲ್ಕು ಮುಖ, ಗಾಳಿಯದಕ್ಕೆ ಎಂಟು, ನೀರಿನದಕ್ಕೆ ಇಪ್ಪತ್ತು. ಪ್ರತಿ ಮುಖವೂ ಸಮಬಾಹು ತ್ರಿಕೋನ. ಅದರೊಳಗೆ ಆರು ಪುಟ್ಟ ಲಂಬಕೋನ ತ್ರಿಕೋನಗಳು. ಹಾಗಾಗಿ ಬೆಂಕಿಯಲ್ಲಿ 24, ಗಾಳಿಯಲ್ಲಿ 48, ನೀರಿನಲ್ಲಿ 120. ನೀರಿನ ಒಂದು ಕಣ ಒಡೆದರೆ ಒಂದು ಬೆಂಕಿ ಮತ್ತು ಎರಡು ಗಾಳಿಯ ಕಣ ಆಗಬಹುದು ಅನ್ನುತ್ತಾನೆ. ಕೂಡಿ ನೋಡಿ: 24, 48, 48. ಸರಿಯಾಗಿ 120. ಪಿಯುಸಿಯಲ್ಲಿ ರಾಸಾಯನಿಕ ಸಮೀಕರಣದ ಎರಡೂ ಬದಿ ಸರಿದೂಗಿಸಿದ ಹಾಗೆ. ಮಣ್ಣಿನ ಘನಕ್ಕೆ ಮಾತ್ರ ಬೇರೆ ಜಾತಿಯ ತ್ರಿಕೋನ, ಅದಕ್ಕೇ ಮಣ್ಣು ಬೇರೆ ಯಾವುದಾಗಿಯೂ ಬದಲಾಗುವುದಿಲ್ಲ.

ಫಲಿತಾಂಶ ತಪ್ಪು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ವಸ್ತುವಿನ ತಳದಲ್ಲಿ ವಸ್ತುವೇ ಇರಬೇಕಾಗಿಲ್ಲ, ಗಣಿತ ಇರಬಹುದು ಅನ್ನುವ ಯೋಚನೆ ಇಲ್ಲಿ ಕಾಣುತ್ತದೆ. ಕ್ವಾಂಟಂ ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ 1919ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಹುಡುಗನಾಗಿದ್ದಾಗ ಇದನ್ನು ಗ್ರೀಕ್‌ನಲ್ಲೇ ಓದಿದ್ದರು. ಆಗ ಈ ತ್ರಿಕೋನಗಳು ಅವರಿಗೆ ಅಸಂಬದ್ಧ ಅನ್ನಿಸಿದ್ದವು. ಮುಂದೆ ಕಣಗಳ ವಿಷಯದಲ್ಲಿ ಆಧುನಿಕ ಭೌತಶಾಸ್ತ್ರ ಡೆಮಾಕ್ರಿಟಸ್‌ಗಿಂತ ಪ್ಲೇಟೋನಿಗೇ ಹತ್ತಿರ ಅಂತ ಅವರೇ ವಾದಿಸಿದರು.

ಇನ್ನೊಂದು ಸಂಗತಿ. ಮಧ್ಯಯುಗದ ಪಶ್ಚಿಮ ಯೂರೋಪಿಗೆ ಪ್ಲೇಟೋ ತಲುಪಿದ್ದು ಹೆಚ್ಚಾಗಿ ಕ್ಯಾಲ್ಸಿಡಿಯಸ್‌ನ ಲ್ಯಾಟಿನ್ ‘ಟಿಮೇಯಸ್’ ಮೂಲಕ. ಆ ಅನುವಾದ ನಿಲ್ಲುವುದು 53ರಲ್ಲೇ. ತ್ರಿಕೋನಗಳ ಭಾಗ ಅದರಲ್ಲಿ ಇರಲೇ ಇಲ್ಲ.

ಮೊದಲ ಓದಿಗೆ 27ರಿಂದ 61ರವರೆಗೆ ಸಾಕು. ಆಮೇಲೆ ಬರುವ ಪಿತ್ತಜನಕಾಂಗ, ಮೂಳೆ, ರೋಗಗಳ ವಿವರ ಸದ್ಯಕ್ಕೆ ಬಿಡಿ.

ಅರಿಸ್ಟಾಟಲ್: ನನ್ನ ಆಯ್ಕೆ

ವಿಜ್ಞಾನದ ಪಾಠದಲ್ಲಿ ಅರಿಸ್ಟಾಟಲ್ ಬರುವುದು ತಪ್ಪು ಹೇಳಿದವನಾಗಿ. ಭಾರದ ವಸ್ತು ಬೇಗ ಬೀಳುತ್ತದೆ ಅಂದ, ಗೆಲಿಲಿಯೋ ಬಂದು ತಿದ್ದಿದ, ಅಲ್ಲಿಗೆ ಮುಗಿಯಿತು. ಹಾಗಾಗಿ ‘ಫಿಸಿಕ್ಸ್’ ಓದಿ ಅಂದರೆ ಎಷ್ಟೋ ಜನ ಮೂಗು ಮುರಿಯುತ್ತಾರೆ. ಬೀಳುವ ವಿಚಾರದಲ್ಲೇ ಆದರೂ, ನೀರಿನಲ್ಲಿ ಒಂದೇ ಆಕಾರ, ಒಂದೇ ಗಾತ್ರದ ಎರಡು ಗುಂಡು ಬಿಟ್ಟು ನೋಡಿ. ಭಾರದ್ದೇ ಮೊದಲು ತಳ ಸೇರುತ್ತದೆ. ಅರಿಸ್ಟಾಟಲನ ಭೌತಶಾಸ್ತ್ರ ಗಾಳಿ, ನೀರಿನಂಥ ಮಾಧ್ಯಮದಲ್ಲಿ ನಡೆಯುವ ಚಲನೆಗೆ ಸರಿಯಾದ ಅಂದಾಜೇ ಆಗಿತ್ತು ಅಂತ ಭೌತವಿಜ್ಞಾನಿ ಕಾರ್ಲೋ ರೊವೆಲ್ಲಿ 2015ರ ಒಂದು ಪ್ರಬಂಧದಲ್ಲಿ ವಾದಿಸಿದ್ದಾರೆ.

ಆದರೆ ನಾನು ಈ ಪುಸ್ತಕ ಓದಿ ಅನ್ನುವುದು ಅದಕ್ಕಲ್ಲ. ನಾಲ್ಕನೇ ಭಾಗದ 10ರಿಂದ 14ರವರೆಗಿನ ಅಧ್ಯಾಯಗಳಿಗಾಗಿ. ಅಲ್ಲಿ ಅವನು ಸಮಯವನ್ನು ಎತ್ತಿಕೊಳ್ಳುತ್ತಾನೆ. ಸಮಯದ ಒಂದು ಪಾಲು ಆಗಿಹೋಗಿದೆ, ಅದು ಈಗ ಇಲ್ಲ. ಇನ್ನೊಂದು ಪಾಲು ಇನ್ನೂ ಬಂದಿಲ್ಲ, ಅದೂ ಇಲ್ಲ. ಉಳಿದದ್ದು ‘ಈಗ’. ಅದು ಸಮಯದ ಒಂದು ಪಾಲೇ ಅಲ್ಲ, ಬರೀ ಗಡಿ. ಇಲ್ಲದ ಪಾಲುಗಳಿಂದ ಆದದ್ದು ಇರುವುದಾದರೂ ಹೇಗೆ?

ಇಷ್ಟು ಗಂಟು ಹಾಕಿ ಅವನು ನಿಧಾನವಾಗಿ ಬಿಡಿಸಲು ಕೂರುತ್ತಾನೆ. ಸಮಯ ಅಂದರೆ ಚಲನೆಯಲ್ಲ, ಏಕೆಂದರೆ ಚಲನೆ ಬೇಗ ಆಗಬಹುದು, ತಡವಾಗಬಹುದು, ಸಮಯ ಹಾಗಲ್ಲ. ಚಲನೆ ಇಲ್ಲದೆಯೂ ಸಮಯ ಇಲ್ಲ. ಹಾಗಾದರೆ ಸಮಯ ಅಂದರೆ ಮೊದಲು, ಆಮೇಲೆ ಅನ್ನುವ ಲೆಕ್ಕದಲ್ಲಿ ಚಲನೆಯ ಎಣಿಕೆ. 1687ರಲ್ಲಿ ನ್ಯೂಟನ್ ಇದಕ್ಕೆ ಪೂರ್ತಿ ಎದುರಾಗಿ ಹೇಳಿದರು: ಏನೂ ಚಲಿಸದಿದ್ದರೂ ಸಮಯ ತನ್ನಷ್ಟಕ್ಕೆ ಸಮವಾಗಿ ಹರಿಯುತ್ತದೆ. ಸಾಪೇಕ್ಷತೆ ಬಂದ ಮೇಲೆ ನ್ಯೂಟನ್ ಹೇಳಿದ ರೀತಿಯ ಸಮಯ ಉಳಿಯಲಿಲ್ಲ, ಗಡಿಯಾರಗಳು ಅಳೆಯುವುದನ್ನೇ ಹಿಡಿದು ಮಾತಾಡಬೇಕಾಯಿತು. ಅರಿಸ್ಟಾಟಲ್ ಗೆದ್ದ ಅಂತ ಇದರ ಅರ್ಥ ಅಲ್ಲ. ಅವನ ಪ್ರಶ್ನೆ ಮತ್ತೆ ಮೇಜಿನ ಮೇಲೆ ಬಂತು, ಅಷ್ಟೇ. 14ನೇ ಅಧ್ಯಾಯದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಸಮಯ ಎಣಿಕೆಯಾದರೆ, ಎಣಿಸುವವರೇ ಇಲ್ಲದಿದ್ದಾಗ ಸಮಯ ಇರುತ್ತದೆಯೇ? ಕೆಲವೇ ಸಾಲಿನ ಆ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಸಾಲದು.

ಎರಡನೇ ಭಾಗದ ಎಂಟನೇ ಅಧ್ಯಾಯವೂ ಹಾಗೇ. ಮಳೆ ಬೀಳುವುದು ಪೈರು ಬೆಳೆಯಲಿ ಅಂತ ಅಲ್ಲ. ಹಾಗಾದರೆ ಮುಂದಿನ ಹಲ್ಲು ಚೂಪಾಗಿ, ದವಡೆ ಹಲ್ಲು ಅಗಲವಾಗಿ ಇರುವುದೂ ಹಾಗೇ ಆಕಸ್ಮಿಕ ಯಾಕಾಗಬಾರದು? ಸರಿಹೊಂದಿದವು ಉಳಿದವು, ಹೊಂದದವು ಅಳಿದವು ಅಂತ ಯಾಕೆ ಹೇಳಬಾರದು? ಓದಿದರೆ ಡಾರ್ವಿನ್ ಮಾತಿನ ಹಾಗೇ ಇದೆ, ಅಲ್ವಾ? ಡಾರ್ವಿನ್‌ಗೂ ಹಾಗೇ ಅನ್ನಿಸಿತು. ತಮ್ಮ ಪುಸ್ತಕದ ನಂತರದ ಮುದ್ರಣದಲ್ಲಿ ಈ ಸಾಲುಗಳನ್ನು ಅರಿಸ್ಟಾಟಲನ ಅಭಿಪ್ರಾಯ ಅಂತಲೇ ಅಡಿಟಿಪ್ಪಣಿಯಲ್ಲಿ ಸೇರಿಸಿದರು. ನಿಜದಲ್ಲಿ ಅದು ಅರಿಸ್ಟಾಟಲನಿಗಿಂತ ಹಿಂದಿನ ದಾರ್ಶನಿಕ ಎಂಪೆಡೊಕ್ಲೀಸ್‌ನ ವಾದ. ಅರಿಸ್ಟಾಟಲ್ ಅದನ್ನು ಎತ್ತಿ ಹೇಳಿದ್ದು ಖಂಡಿಸಲಿಕ್ಕೆ. ಹಲ್ಲು ಸಾಮಾನ್ಯವಾಗಿ ಯಾವಾಗಲೂ ಹೀಗೇ ಬರುತ್ತದೆ, ಆಕಸ್ಮಿಕ ಆದದ್ದು ಹಾಗೆ ಪದೇಪದೇ ಆಗುವುದಿಲ್ಲ ಅನ್ನುವುದು ಅವನ ಉತ್ತರ. ಅನುವಂಶೀಯತೆ ಗೊತ್ತಿರುವ ನಮಗೆ ಆ ಉತ್ತರ ಸಾಲದು. ಆದರೆ ಹೃದಯ ಇರುವುದು ರಕ್ತ ತಳ್ಳಲಿಕ್ಕೆ, ಲಬ್ ಡಬ್ ಸದ್ದು ಮಾಡಲಿಕ್ಕೆ ಅಲ್ಲ ಅಂತ ಇವತ್ತಿನ ಜೀವಶಾಸ್ತ್ರಜ್ಞರೂ ಹೇಳುತ್ತಾರೆ. ಈ ‘ಲಿಕ್ಕೆ’ ಎಲ್ಲಿಂದ ಬಂತು ಅನ್ನುವುದು ಜೀವಶಾಸ್ತ್ರದ ತತ್ವಶಾಸ್ತ್ರದಲ್ಲಿ ಇನ್ನೂ ಬಿಸಿಯಾಗಿರುವ ಚರ್ಚೆ.

ಉಳಿದ ಮೂವರೂ ಈ ಪುಸ್ತಕದೊಳಗೇ ಸಿಗುತ್ತಾರೆ. ಇದು ನನ್ನ ಆಯ್ಕೆಗೆ ಮುಖ್ಯ ಕಾರಣ. ಮೊದಲ ಭಾಗದಲ್ಲಿ ಪಾರ್ಮೆನಿಡೀಸ್‌ಗೆ ಉತ್ತರ ಇದೆ: ಹೊಸದು ಹುಟ್ಟುವುದು ‘ಇಲ್ಲ’ದಿಂದ ಅಲ್ಲ, ಆಗಬಲ್ಲದ್ದಾಗಿ ಆಗಲೇ ಇದ್ದದ್ದರಿಂದ. ಹೈಸನ್‌ಬರ್ಗ್ ಮುಂದೆ ಕ್ವಾಂಟಂ ಸಂಭವನೀಯತೆಯನ್ನು ವಿವರಿಸಲು ಹಿಡಿದದ್ದು ಈ ‘ಆಗಬಲ್ಲದ್ದು’ ಅನ್ನುವ ಯೋಚನೆಯನ್ನೇ. ನಾಲ್ಕನೇ ಭಾಗದಲ್ಲಿ ಪರಮಾಣುವಾದಿಗಳ ಖಾಲಿ ಜಾಗದ ಮೇಲೆ ದಾಳಿ ಇದೆ, ಅಲ್ಲೇ ‘ಟಿಮೇಯಸ್’ ಮೇಲೆ ಟೀಕೆಯೂ ಇದೆ. ಝೀನೋನ ಒಗಟುಗಳು ನಮಗೆ ಉಳಿದಿರುವುದೇ ಬಹುಪಾಲು ಆರನೇ ಭಾಗದ ಒಂಬತ್ತನೇ ಅಧ್ಯಾಯದಿಂದ.

ಕಷ್ಟ ಇದೆ, ಮುಚ್ಚಿಡುವುದಿಲ್ಲ. ಇವು ಪಾಠದ ಟಿಪ್ಪಣಿಗಳ ಹಾಗಿವೆ. ವಾಕ್ಯಗಳು ಮೊಟಕು, ಉದಾಹರಣೆ ಕಡಿಮೆ. ಎರಡು ಪುಟಕ್ಕೆ ಒಂದು ಗಂಟೆ ಹಿಡಿದರೆ ಗಾಬರಿ ಬೇಡ.

ಯಾರಿಗೆ ಯಾವುದು

ಸಮಯ, ಕಾರಣ, ಉದ್ದೇಶ ಇವು ಕಾಡುತ್ತಿದ್ದರೆ ‘ಫಿಸಿಕ್ಸ್’ನ ಎರಡು ಮತ್ತು ನಾಲ್ಕನೇ ಭಾಗ. ಪ್ರಕೃತಿಯ ನಿಯಮಗಳು ಗಣಿತದ ಭಾಷೆಯಲ್ಲೇ ಯಾಕಿವೆ ಅಂತ ಕೇಳುವವರಿಗೆ ‘ಟಿಮೇಯಸ್’. ಗಣಿತ ಓದಿದವರು, ತರ್ಕದ ರುಚಿ ಇರುವವರು ಝೀನೋನಿಂದ ಹೊರಡಬಹುದು. ಸಾವಿನ ಭಯ, ದೇವರು, ಬದುಕು ಎಲ್ಲ ಸೇರಿದ ಒಂದು ಜೀವನದೃಷ್ಟಿ ಬೇಕಾದವರಿಗೆ ಲುಕ್ರೀಷಿಯಸ್‌ನ ಮೂರನೇ ಭಾಗದಷ್ಟು ಸಮಾಧಾನ ಕೊಡುವುದು ನನಗೆ ಗೊತ್ತಿರುವಂತೆ ಬೇರೆ ಇಲ್ಲ.

ಯಾವ ಪ್ರಶ್ನೆಯೂ ಇನ್ನೂ ಸ್ಪಷ್ಟವಾಗಿಲ್ಲ ಅಂದರೆ ಒಂದು ಸಂಜೆ ಪಾರ್ಮೆನಿಡೀಸ್‌ನ ಆ 160 ಸಾಲು ಓದಿ. ಆಮೇಲೆ ಬಂದವರೆಲ್ಲ ಅವನಿಗೆ ಉತ್ತರ ಕೊಡುತ್ತಿದ್ದಾರೆ. ಯಾರ ಉತ್ತರ ಕೇಳಬೇಕು ಅಂತ ನಿಮಗೇ ಅನ್ನಿಸುತ್ತದೆ.

ಯುಪಿಎಸ್‌ಸಿಗೆ ಫಿಲಾಸಫಿ ಆಪ್ಷನಲ್ ತಗೊಂಡವರ ವಿಚಾರ ಬೇರೆ. ಪಠ್ಯದಲ್ಲಿ ಗ್ರೀಕರ ಪೈಕಿ ಇರುವುದು ಪ್ಲೇಟೋ, ಅರಿಸ್ಟಾಟಲ್ ಇಬ್ಬರೇ. ಅದರಲ್ಲೂ ಐಡಿಯಾಗಳು, ದ್ರವ್ಯ, ರೂಪ ಮತ್ತು ವಸ್ತು, ಕಾರಣ ಇಂಥವು. ಅವರು ‘ಟಿಮೇಯಸ್’ ಮತ್ತು ಲುಕ್ರೀಷಿಯಸ್‌ನನ್ನು ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳಲಿ.

ಅನುವಾದ ಕೊಳ್ಳುವಾಗ ಒಂದನ್ನು ಮಾತ್ರ ತಪ್ಪದೆ ನೋಡಿ: ಪುಟದ ಅಂಚಿನಲ್ಲಿ ಸಂಖ್ಯೆಗಳಿವೆಯೇ ಅಂತ. ಪ್ಲೇಟೋಗೆ 1578ರ ಸ್ಟೆಫಾನಸ್ ಮುದ್ರಣದ ಪುಟಸಂಖ್ಯೆ, ಅರಿಸ್ಟಾಟಲನಿಗೆ 1831ರ ಬೆಕ್ಕರ್ ಮುದ್ರಣದ್ದು. ಮೇಲೆ 53 ಅಂದದ್ದು ಸ್ಟೆಫಾನಸ್ ಸಂಖ್ಯೆ. ಅವಿಲ್ಲದ ಪುಸ್ತಕ ಎಷ್ಟೇ ಅಗ್ಗವಾದರೂ ಬೇಡ. ಒಂದು ವಾಕ್ಯ ಅರ್ಥವಾಗದೆ ಇದ್ದಾಗ ಇನ್ನೊಂದು ಅನುವಾದ ತೆರೆದು ಅದೇ ಜಾಗ ಹುಡುಕಲು ಬೇರೆ ದಾರಿಯೇ ಇಲ್ಲ. ಜೋವೆಟ್ ಅವರ 19ನೇ ಶತಮಾನದ ಪ್ಲೇಟೋ, ಹಾರ್ಡಿ ಮತ್ತು ಗೇ ಅವರ ‘ಫಿಸಿಕ್ಸ್’ ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಜೋವೆಟ್ ಓದಲು ಹಿತ. ಆದರೆ ತ್ರಿಕೋನಗಳ ಭಾಗಕ್ಕೆ ಟಿಪ್ಪಣಿ, ಚಿತ್ರ ಇರುವ ಹೊಸ ಅನುವಾದವೇ ಒಳ್ಳೆಯದು.

‘ಮೆಟಾಫಿಸಿಕ್ಸ್’ ಅನ್ನುವ ಹೆಸರು ನೋಡಿ ಅರಿಸ್ಟಾಟಲನ ಆ 14 ಭಾಗದ ಪುಸ್ತಕಕ್ಕೇ ಮೊದಲು ಕೈ ಹಾಕುವವರಿದ್ದಾರೆ. ಅದು ಎರಡನೇ ವರ್ಷದ ಓದು. ಹೋಗುವುದಾದರೆ ಒಂದನೇ ಭಾಗದಿಂದ ನಾಲ್ಕಕ್ಕೆ ಹಾರಿ, ಏಳನೆಯದನ್ನು ಕೊನೆಗೆ ಇಟ್ಟುಕೊಳ್ಳಿ.